ಬೈನರಿ ಸಂಖ್ಯೆ ಓದಲು ಇಂಟ್ ಸಾಕಾ, ಸ್ಟ್ರಿಂಗ್ ಬೇಕಾ?

ಮದ್ದೂರು ಡಿಪ್ಲೊಮಾ: ನಮ್ಮ ಸಿ ಭಾಷೆಯ ಲ್ಯಾಬ್‌ನಲ್ಲಿ ಒಂದು ಪ್ರೋಗ್ರಾಂ ಕೊಟ್ಟಿದ್ದಾರೆ. ಬೈನರಿ ಸಂಖ್ಯೆ ತಗೊಂಡು, ಬರೀ 0 ಮತ್ತು 1 ಇದೆಯಾ ಅಂತ ನೋಡಿ, ದಶಮಾಂಶಕ್ಕೆ ಬದಲಾಯಿಸಬೇಕು. ನಾನು ಇಂಟ್ (ಪೂರ್ಣಾಂಕ) ಆಗಿ ಓದಿ, ಹತ್ತರಿಂದ ಭಾಗಿಸುತ್ತಾ ಶೇಷ ನೋಡುತ್ತೇನೆ. ಶೇಷ 1ಕ್ಕಿಂತ ಜಾಸ್ತಿ ಬಂದರೆ ತಪ್ಪು. ಗೆಳೆಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಓದು ಅಂತಾನೆ. ಯಾವುದು ಸರಿ?

ಹೆಬ್ಬಾಳ ಕೋಡರ್: ನಿಮ್ಮದು ಸಾಕು. ಶೇಷ, ಭಾಗಾಕಾರ, ಲೂಪ್ ಮೂರೂ ಕೈಗೆ ಹತ್ತುತ್ತವೆ. ಸ್ಟ್ರಿಂಗ್‌ಗೆ ಅರೇ (ಒಂದೇ ಹೆಸರಲ್ಲಿ ಸಾಲಾಗಿ ಇಟ್ಟ ಬೆಲೆಗಳು) ಗೊತ್ತಿರಬೇಕು. ಹೊಸಬರ ತಲೆ ಮೇಲೆ ಅಷ್ಟೊಂದು ಹೇರುವುದು ಬೇಡ.

ಸರಸ್ವತಿಪುರಂ ಮೇಷ್ಟ್ರು: ನಾನು ಒಪ್ಪಲ್ಲ. ಹನ್ನೊಂದು ಸಲ 1 ಒತ್ತಿ ನೋಡಪ್ಪ. ಇಂಟ್ ಅದನ್ನು ಮಾಮೂಲಿ ದಶಮಾಂಶ ಸಂಖ್ಯೆ ಅಂತಲೇ ಓದುತ್ತದೆ. 32 ಬಿಟ್‌ನ ಇಂಟ್ ಹಿಡಿಯುವುದು 2147483647ರ ತನಕ. ಹತ್ತು ಬಿಟ್‌ಗೆ (ಬೈನರಿ ಅಂಕಿಗೆ), ಅಂದರೆ 1023ಕ್ಕೆ, ನಿನ್ನ ಪ್ರೋಗ್ರಾಂ ಕಥೆ ಮುಗಿಯಿತು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಯಾರಾದರೂ 10ಕ7 ಅಂತ ಕೊಟ್ಟರೆ, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಆ ಅಕ್ಷರ ಕಂಡ ತಕ್ಷಣ ನಿಂತುಬಿಡುತ್ತದೆ. ನಿನಗೆ ಸಿಗುವುದು ಬರೀ 10. ಪ್ರೋಗ್ರಾಂ ಅದನ್ನು ಸರಿ ಅಂದು 2 ಅಂತ ಉತ್ತರ ಕೊಡುತ್ತದೆ. ತಪ್ಪು ಹಿಡಿಯಬೇಕಾದ ಪ್ರೋಗ್ರಾಂ ತಪ್ಪನ್ನು ನೋಡಲೇ ಇಲ್ಲ ಅಲ್ವಾ?

ಹೆಬ್ಬಾಳ ಕೋಡರ್: ಇಂಟ್ ಬದಲು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಹಾಕಿದರೆ ಹತ್ತೊಂಬತ್ತು ಬಿಟ್ ಬರುತ್ತದೆ ಸರ್. ಲ್ಯಾಬ್‌ಗೆ ಧಾರಾಳ.

ಸರಸ್ವತಿಪುರಂ ಮೇಷ್ಟ್ರು: 10ಕ7 ಹಾಗೇ ಉಳಿಯಿತಲ್ಲ!

ಮಂಡ್ಯ ಟ್ಯೂಷನ್: ಪೈಥಾನ್‌ನಲ್ಲಿ ಹೇಳಿಕೊಟ್ಟರೆ ಈ ಜಗಳವೇ ಇಲ್ಲ. ಅಲ್ಲಿನ ಇಂಟ್ ಫಂಕ್ಷನ್‌ಗೆ ಸ್ಟ್ರಿಂಗ್ ಜೊತೆ ಬೇಸ್ 2 (ಬೈನರಿ) ಅಂತ ಕೊಡಿ. ತಪ್ಪಿದ್ದರೆ ಅದೇ ವ್ಯಾಲ್ಯೂ ಎರರ್ (ಬೆಲೆ ಸರಿಯಿಲ್ಲ ಅನ್ನುವ ದೋಷ) ಎಸೆಯುತ್ತದೆ.

ಕುವೆಂಪುನಗರ ಟೆಸ್ಟರ್: ಅದು ಏನೇನು ಒಪ್ಪುತ್ತದೆ ಅಂತ ನೋಡಿದ್ದೀರಾ ಮೇಡಂ? ಹಿಂದೆ ಮುಂದೆ ಜಾಗ ಬಿಟ್ಟರೂ ಒಪ್ಪುತ್ತದೆ. ಮೈನಸ್ ಗುರುತಿದ್ದರೂ, 1 ಮತ್ತು 0 ನಡುವೆ ಅಂಡರ್‌ಸ್ಕೋರ್ ಇದ್ದರೂ ಸರಿ ಅನ್ನುತ್ತದೆ. ಕನ್ನಡದಲ್ಲಿ ೧೦೧೧ ಅಂತ ಕೊಟ್ಟರೂ 11 ಬರುತ್ತದೆ. ಲ್ಯಾಬ್ ಶೀಟ್‌ನಲ್ಲಿ 'ಬರೀ 0 ಮತ್ತು 1' ಅಂತ ಇದ್ದರೆ ಇವೆಲ್ಲ ದಾಟಬಾರದು.

ಮಂಡ್ಯ ಟ್ಯೂಷನ್: ಕನ್ನಡ ಅಂಕಿ ಒಪ್ಪಿದರೆ ನನಗಂತೂ ಖುಷಿ. ಅದನ್ನು ಯಾಕೆ ತಳ್ಳಬೇಕು?

ಕುವೆಂಪುನಗರ ಟೆಸ್ಟರ್: ಒಪ್ಪಿಕೊಳ್ಳಿ, ನನಗೂ ಇಷ್ಟವೇ. ಆದರೆ ಅದು ಬರೆದವರು ಯೋಚಿಸಿ ಮಾಡಿದ ತೀರ್ಮಾನ ಆಗಿರಬೇಕು. ಫಂಕ್ಷನ್ ಸುಮ್ನೆ ಬಿಟ್ಟಿತು ಅಂತ ಆಗಬಾರದು.

ಮದ್ದೂರು ಡಿಪ್ಲೊಮಾ: ಸರ್, ಸ್ಟ್ರಿಂಗ್ ಆದರೆ ಬದಲಾಯಿಸುವುದು ಹೇಗೆ? ಎರಡರ ಘಾತಗಳನ್ನು ಬಲಗಡೆಯಿಂದ ಕೂಡಿಸಬೇಕಾ?

ಸರಸ್ವತಿಪುರಂ ಮೇಷ್ಟ್ರು: ಬೇಡ, ಎಡಗಡೆಯಿಂದಲೇ ಬಾ. ಸೊನ್ನೆಯಿಂದ ಶುರು ಮಾಡು. ಪ್ರತಿ ಸಲ ಇರುವುದನ್ನು ಎರಡರಿಂದ ಗುಣಿಸಿ, ಮುಂದಿನ ಅಂಕಿ ಕೂಡಿಸು. 1011ಕ್ಕೆ 1, 2, 5, 11 ಅಂತ ಬರುತ್ತದೆ. ಅಂಕಿ ತೆಗೆಯುವಾಗ ಅಕ್ಷರದಿಂದ 48 ಕಳೆ, ಯಾಕಂದರೆ '0' ಅನ್ನುವ ಅಕ್ಷರದ ಆಸ್ಕಿ ಬೆಲೆ (ಕಂಪ್ಯೂಟರ್ ಅದಕ್ಕೆ ಇಟ್ಟ ಸಂಖ್ಯೆ) 48. ಕಳೆಯದಿದ್ದರೆ 101ಕ್ಕೆ 5ರ ಬದಲು 341 ಬರುತ್ತದೆ.

ಕುವೆಂಪುನಗರ ಟೆಸ್ಟರ್: ಸ್ಟ್ರಿಂಗ್ ಓದಲು ಸಿಯ ಎಫ್‌ಗೆಟ್ಸ್ ಬಳಸಿದರೆ ಕೊನೆಯಲ್ಲಿ ಎಂಟರ್ ಕೂಡ ಸ್ಟ್ರಿಂಗ್ ಒಳಗೆ ಕೂರುತ್ತದೆ ತಮ್ಮ. ಮೊದಲು ಅದನ್ನು ಕತ್ತರಿಸಿ. ಇಲ್ಲದಿದ್ದರೆ ಸರಿಯಾದ 1011 ಕೂಡ ತಪ್ಪು ಅನ್ನಿಸಿಕೊಳ್ಳುತ್ತದೆ. ಹಾಗೆ ಕತ್ತರಿಸಿದ ಮೇಲೆ ಉದ್ದ ಸೊನ್ನೆಯಾ ಅಂತಲೂ ನೋಡಿ. ಖಾಲಿ ಸ್ಟ್ರಿಂಗ್‌ನಲ್ಲಿ ಲೂಪ್ ಓಡುವುದೇ ಇಲ್ಲ, ತಪ್ಪೂ ಸಿಗುವುದಿಲ್ಲ.

ಹೆಬ್ಬಾಳ ಕೋಡರ್: ಇಷ್ಟೆಲ್ಲ ಮೊದಲ ದಿನವೇ ಹೇಳಬೇಕಾ? ನಾನಾದರೆ ಮೊದಲು ಇಂಟ್‌ದೇ ಬರೆಸುತ್ತೇನೆ. ಅದೇ ಕ್ಲಾಸಲ್ಲಿ 10ಕ7 ಕೊಟ್ಟು ತೋರಿಸಿ, ಆಮೇಲೆ ಸ್ಟ್ರಿಂಗ್.

ಸರಸ್ವತಿಪುರಂ ಮೇಷ್ಟ್ರು: ಹಾಗಾದರೆ ಅಡ್ಡಿಯಿಲ್ಲ. ರೆಕಾರ್ಡ್‌ನಲ್ಲಿ ಮಾತ್ರ ಸ್ಟ್ರಿಂಗ್‌ದೇ ಬರೆಯಲಿ.