ಹಳೆಯ ಟೇಬಲ್ ಫ್ಯಾನಿನ ಗೇರ್ ಮುರಿದಿದೆ, ಹೊಸದನ್ನು ಮಾಡಿಸಬಹುದೇ?

ಪ್ರಶ್ನೆ
ನಮ್ಮ ಹಳೆಯ ಟೇಬಲ್ ಫ್ಯಾನಿನ ಮೋಟರು ಈಗಲೂ ಸದ್ದಿಲ್ಲದೆ ಓಡುತ್ತದೆ, ಆದರೆ ಅದರ ತಲೆ ಎಡಬಲಕ್ಕೆ ತಿರುಗುವುದು ನಿಂತುಹೋಗಿದೆ. ಹಿಂಬದಿಯ ಗೇರ್ ಪೆಟ್ಟಿಗೆಯನ್ನು ಬಿಚ್ಚಿದಾಗ, ದೊಡ್ಡ ಪ್ಲಾಸ್ಟಿಕ್ ಗೇರಿನ ಒಂದೇ ಮಗ್ಗುಲಲ್ಲಿ ಮೂರು ಹಲ್ಲುಗಳು ಮುರಿದಿರುವುದು ಕಂಡಿತು. ಹಲ್ಲುಗಳು ನೇರವಾಗಿವೆ, ಮುರಿದವೂ ಸೇರಿ ಒಟ್ಟು 38, ಹೊರವ್ಯಾಸ 32 ಮಿ.ಮೀ. ಈ ಮಾದರಿಯ ತಯಾರಿಕೆಯೇ ನಿಂತಿರುವುದರಿಂದ ಬಿಡಿಭಾಗ ಸಿಗುತ್ತಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿದ ಗೇರ್ ಬಾಳಿಕೆ ಬರುವುದೇ? ಇಷ್ಟು ಒಳ್ಳೆಯ ಮೋಟರನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1
ಖಂಡಿತ ಮಾಡಿಸಬಹುದು, ಮತ್ತು ಬೇಕಾದ ಅಳತೆಗಳನ್ನು ನೀವೇ ಕೊಟ್ಟಿದ್ದೀರಿ. ನೇರ ಹಲ್ಲಿನ ಗೇರಿನಲ್ಲಿ ಹಲ್ಲುಗಳ ಸಂಖ್ಯೆಗೆ ಎರಡನ್ನು ಕೂಡಿಸಿ, ಬಂದ ಮೊತ್ತದಿಂದ ಹೊರವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರವನ್ನು ಹೇಳುವ ಅಳತೆ, ದೊರೆಯುತ್ತದೆ. 32ನ್ನು 40ರಿಂದ ಭಾಗಿಸಿದರೆ 0.8, ಇದು ಪ್ರಮಾಣಿತ ಮಾಡ್ಯೂಲ್‌ಗಳಲ್ಲಿ ಒಂದಾಗಿರುವುದರಿಂದ ನಿಮ್ಮ ಅಳತೆಯನ್ನು ನಂಬಬಹುದು. ಹಲ್ಲಿನ ಬದಿಯ ಓರೆಯನ್ನು ಸೂಚಿಸುವ ಒತ್ತಡ ಕೋನವನ್ನು ಸಾಮಾನ್ಯ ಬಳಕೆಯ 20 ಡಿಗ್ರಿ ಎಂದು ಇಟ್ಟುಕೊಂಡು ನಕ್ಷೆ ತೆಗೆಸಿ, ಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿ, ಹಳೆಯ ಗೇರನ್ನು ಅದರ ಮೇಲಿಟ್ಟು ಹಲ್ಲಿಗೆ ಹಲ್ಲು ಕೂರುವುದೇ ಎಂದು ನೋಡಿ.

ತ್ರೀಡಿ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಬೇಡ. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ, ಗೇರ್ ಪೆಟ್ಟಿಗೆ ಇರುವುದೋ ಬಿಸಿಯಾಗುವ ಮೋಟರಿನ ಬೆನ್ನಿಗೆ. ನೈಲಾನ್ ಆರಿಸಿಕೊಳ್ಳಿ, ಅದು ಗಾಳಿಯ ತೇವವನ್ನು ಹೀರುವುದರಿಂದ ಮೊದಲು ಒಣಗಿಸಬೇಕು. ಗೇರನ್ನು ಮಲಗಿಸಿಯೇ ಮುದ್ರಿಸಬೇಕು, ಏಕೆಂದರೆ ನಿಲ್ಲಿಸಿ ಮುದ್ರಿಸಿದರೆ ಕೆಲವು ಹಲ್ಲುಗಳು, ಪ್ರಿಂಟರು ಒಂದರ ಮೇಲೊಂದು ಹಾಕುವ ಪದರಗಳು ಕೂಡುವ ಜಾಗದಲ್ಲೇ ಕಿತ್ತುಬರುತ್ತವೆ. ಈ ಮಾಡ್ಯೂಲ್‌ನಲ್ಲಿ ಹಲ್ಲಿನ ನಡುಭಾಗದ ದಪ್ಪ ಸುಮಾರು 1.25 ಮಿ.ಮೀ., ಅಂದರೆ ಪ್ರಿಂಟರಿನ 0.4 ಮಿ.ಮೀ. ನಾಝಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಎಳೆಯುವ ಮೂರು ಗೆರೆಗಳಷ್ಟು. ಆದ್ದರಿಂದ ಒಳಗೆ ಎಲ್ಲಿಯೂ ಟೊಳ್ಳು ಉಳಿಯಬಾರದು.

ಉತ್ತರ 2
ಗೇರ್ ಮಾಡಿಸುವ ಮೊದಲು ಅದು ಮುರಿದ ಕಾರಣವನ್ನು ಹುಡುಕಬೇಕೆಂದು ನನ್ನ ಒತ್ತಾಯ. ಪ್ಲಗ್ ತೆಗೆದು, ಗೇರನ್ನು ಹೊರಗಿಟ್ಟು, ಫ್ಯಾನಿನ ಕತ್ತನ್ನು ಕೈಯಿಂದ ತಿರುಗಿಸಿ ನೋಡಿ. ಹಳೆಯ ಗ್ರೀಸ್ ಒಣಗಿ ಅಂಟಾಗಿದ್ದರೆ ಕತ್ತು ಬಿಗಿಯುತ್ತದೆ, ಆ ಭಾರವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ, ಹೊಸ ಗೇರಿಗೂ ಅದೇ ಗತಿ. ಗಟ್ಟಿ ಇರಲಿ ಎಂದು ಹಿತ್ತಾಳೆಯಲ್ಲಿ ಮಾಡಿಸುವುದೂ ಬೇಡ. ಕತ್ತು ಸಿಕ್ಕಿಕೊಂಡಾಗ ಪ್ಲಾಸ್ಟಿಕ್ ಗೇರ್ ತಾನು ಮುರಿದು ಉಳಿದ ಭಾಗಗಳನ್ನು ಕಾಪಾಡುತ್ತದೆ. ಅದನ್ನು ಲೋಹದಲ್ಲಿ ಮಾಡಿದರೆ ಪೆಟ್ಟು ಬೇರೆ ಕಡೆ ಬೀಳುತ್ತದೆ.

ಉತ್ತರ 3
ಪ್ರಿಂಟರೇ ಆಗಬೇಕೆಂದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಗೇರ್ ಕತ್ತರಿಸುವವರು ನೈಲಾನ್ ಸರಳಿನಿಂದಲೇ ಇದನ್ನು ಮಾಡಿಕೊಡಬಲ್ಲರು. ಅದರಲ್ಲಿ ಪದರಗಳೇ ಇರುವುದಿಲ್ಲವಾದ್ದರಿಂದ ನನ್ನ ಆಯ್ಕೆ ಅದೇ. ಪ್ರಿಂಟ್ ಮಾಡಿಸುವುದಾದರೆ ನಡುವಿನ ರಂಧ್ರ ನಕ್ಷೆಗಿಂತ ತುಸು ಕಿರಿದಾಗಿ ಬರುವುದನ್ನು ನೆನಪಿಡಿ, ಮತ್ತು ಅದನ್ನು ಡ್ರಿಲ್ಲಿನಿಂದ ಅಕ್ಷದ ಅಳತೆಗೆ ಸರಿಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ
ಎಲ್ಲರಿಗೂ ಧನ್ಯವಾದಗಳು. ಕತ್ತು ನಿಜವಾಗಿಯೂ ಬಿಗಿದಿತ್ತು, ಗ್ರೀಸ್ ಕಂದು ಬಣ್ಣದ ಅಂಟಾಗಿತ್ತು. ಅದನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿದ್ದೇನೆ. ಈಗ ಎರಡು ಬೆರಳಿನಿಂದ ತಳ್ಳಿದರೂ ತಿರುಗುತ್ತದೆ. ಗೇರನ್ನು ನೈಲಾನ್ ಸರಳಿನಿಂದ ಕತ್ತರಿಸಲು ಕೊಡುತ್ತಿದ್ದೇನೆ.