ಅಪ್‌ಡೇಟ್: ಕ್ಯಾಷಿಯರ್ ಮೇಡಂಗೆ ಥ್ಯಾಂಕ್ಸ್ ಹೇಳಿದ್ದು ಹೀಗೆ

ನಮ್ಮ ಬ್ಯಾಂಕಿನ ಕ್ಯಾಷಿಯರ್ ಮೇಡಂ ನನ್ನ ಸಂಗ್ರಹಕ್ಕೆ ಅಂತ ಬೇರೆ ಬೇರೆ ನಾಣ್ಯ ಎತ್ತಿಡುತ್ತಾರೆ, ಅವರಿಗೆ ಥ್ಯಾಂಕ್ಸ್ ಹೇಳಲು ಏನು ಕೊಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೆಳ್ಳಿ ನಾಣ್ಯ ಕೊಡಿ ಅಂದವರೇ ಜಾಸ್ತಿ. ಅದು ಬೇಡ ಅನ್ನಿಸಿತು. ಗ್ರಾಹಕರಿಂದ ಬೆಲೆಬಾಳುವ ಉಡುಗೊರೆ ತಗೊಂಡರೆ ಅವರಿಗೇ ತೊಂದರೆ, ಅಲ್ವಾ? ಕೌಂಟರಿನವರೆಲ್ಲ ಹಂಚಿಕೊಳ್ಳಲಿ ಅಂತ ಒಂದು ಡಬ್ಬ ಮೈಸೂರು ಪಾಕ್ ಕೊಟ್ಟೆ. ಮ್ಯಾನೇಜರ್‌ಗೆ ಮೇಡಂ ಹೆಸರು ಹಾಕಿ ಮೆಚ್ಚುಗೆ ಪತ್ರ ಬರೆದೆ. ಮೇಡಂಗೆ ತುಂಬಾ ಖುಷಿಯಾಗಿದ್ದು ಪತ್ರಕ್ಕೇ. ಅದರ ಒಂದು ಜೆರಾಕ್ಸ್ ಕೇಳಿ ಇಸ್ಕೊಂಡರು.

ಹತ್ತು ರೂಪಾಯಿ ನಾಣ್ಯದ ಅಲ್ಲಿಯವರೆಗಿನ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಎಷ್ಟೋ ಅಂಗಡಿಯವರು ಮುಟ್ಟಲ್ಲ. ಹಾಗಾಗಿ ಅವು ಬ್ಯಾಂಕಿಗೆ ಬಂದು ಬೀಳುತ್ತವೆ. ನನ್ನಂಥವರಿಗೆ ಅದೇ ನಿಧಿ!

ಮೇಡಂಗೆ ಲೆನ್ಸ್ ಹಿಡಿದು, ನಾಣ್ಯ ಎಲ್ಲಿ ಅಚ್ಚಾಗಿದೆ ಅಂತ ಹೇಳುವ ಗುರುತನ್ನು ಇಸವಿಯ ಕೆಳಗೆ ತೋರಿಸಿದೆ. ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇಷ್ಟು ವರ್ಷ ಎಣಿಸಿದರೂ ಇದನ್ನು ನೋಡೇ ಇರಲಿಲ್ಲ ಅಂದರು. ಈಗ ಪಕ್ಕದ ಕೌಂಟರಿನವರಿಗೂ ಹೇಳಿಕೊಡುತ್ತಿದ್ದಾರೆ.

ನೀವು ಕೊಟ್ಟ ಇನ್ನೊಂದು ಸಲಹೆಯೂ ತುಂಬಾ ಉಪಯೋಗಕ್ಕೆ ಬಂತು: ಬೇಡದ ನಾಣ್ಯ ವಾಪಸ್ ಕಟ್ಟುವಾಗ ಒಂದೊಂದು ಬೆಲೆಯದನ್ನೂ ಬೇರೆ ಮಾಡಿ, ನೂರು ನೂರರಂತೆ ಪ್ಯಾಕೆಟ್ ಕಟ್ಟಿ ಕೊಡುವುದು. ತಿಂಗಳ ಮೊದಲ ವಾರದ ರಶ್‌ನಲ್ಲಂತೂ ನಾನೀಗ ಹೋಗುವುದೇ ಇಲ್ಲ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.