ಸಹಾಯ ಬೇಕು: ಸೆಲ್ಟಾ (ಇಂಗ್ಲಿಷ್ ಕಲಿಸೋರಿಗಿರುವ ತರಬೇತಿ ಕೋರ್ಸ್) ಮಾಡಿದ್ರೆ ಸಂಬಳ ಜಾಸ್ತಿ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂ.ಎ., ಬಿ.ಎಡ್., ಶಿವಮೊಗ್ಗದ ಹೈಸ್ಕೂಲಲ್ಲಿ ಪಾಠ ಮಾಡ್ತಿದ್ದೀನಿ. ಇಂಗ್ಲಿಷ್ ಕಲಿಸೋಕೆ ವಿಯೆಟ್ನಾಂಗೆ ಹೋಗುವ ಆಸೆ. ಅಲ್ಲಿ ವರ್ಕ್ ಪರ್ಮಿಟ್‌ಗೆ ಡಿಗ್ರಿ ಜೊತೆ ಬೋಧನಾ ಸರ್ಟಿಫಿಕೇಟೂ ಬೇಕು. ಕೇಂಬ್ರಿಡ್ಜ್‌ನವರ ಸೆಲ್ಟಾ ಕೋರ್ಸಲ್ಲಿ 6 ಗಂಟೆ ನಿಜವಾದ ತರಗತಿ ತಗೊಳ್ಳಬೇಕು, ಆನ್‌ಲೈನ್‌ನ 120 ಗಂಟೆಯ ಟೆಫ್ಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಕೋರ್ಸ್‌ಗಿಂತ ಸೆಲ್ಟಾಗೇ ತೂಕ ಹೆಚ್ಚು ಅನ್ನೋದು ನನ್ನ ನಂಬಿಕೆ. ಆದ್ರೆ ಫೀಸೂ ದುಬಾರಿ, ಮನೆಯಲ್ಲಿ ಸಾಲ ಬೇಡ ಅಂತಿದ್ದಾರೆ.

ಹನೋಯ್, ಹೋ ಚಿ ಮಿನ್ ಸಿಟಿ ಕಡೆ ಪಾಠ ಮಾಡ್ತಿರೋ ಕನ್ನಡಿಗರು ಯಾರಾದ್ರೂ ಇದ್ದೀರಾ? ಸೆಲ್ಟಾ ಇದ್ದವರಿಗೆ ನಿಜಕ್ಕೂ ಹೆಚ್ಚು ಕೊಡ್ತಾರಾ, ಇಲ್ಲಾ ಪಾಸ್‌ಪೋರ್ಟ್ (ಯಾವ ದೇಶದವರು ಅಂತ) ನೋಡಿಯೇ ಸಂಬಳ ನಿಗದಿ ಮಾಡ್ತಾರಾ? ನಮ್ಮ ಬಿ.ಎಡ್.ಗೆ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಬೆಲೆ ಇದೆಯಾ? ದಯವಿಟ್ಟು ಅನುಭವ ಇದ್ದವರು ತಿಳಿಸಿ.